ಹೆಸರು, ವಿವರ ಮತ್ತು ಜರಡಿ: ಕಂಪ್ಯೂಟರ್ ಭಾಷೆಗಳ ಚರಿತ್ರೆಯಿಂದ ಒಂದು ಪಾಠ



ವಿದ್ಯಾರ್ಥಿವೇತನಕ್ಕಾಗಿ ಬಂದ ಅರ್ಜಿಗಳ ರಾಶಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ರತಿ ಅರ್ಜಿಯಲ್ಲೂ ಒಂದು ಹೆಸರಿದೆ. ಆ ಹೆಸರಿನ ಜೊತೆಗೆ ಕೆಲವು ವಿವರಗಳಿವೆ: ಅಂಕಗಳೆಷ್ಟು, ಮನೆಯ ವರಮಾನವೆಷ್ಟು, ತಂದೆ ಇದ್ದಾರೆಯೇ ಇಲ್ಲವೇ. ಹಿಂದೆ ಈ ರಾಶಿಯ ಮುಂದೆ ನಾಲ್ಕು ಮಂದಿ ಹಿರಿಯರು ಕುಳಿತು, ಒಂದೊಂದನ್ನೇ ಓದಿ, ಅರ್ಹರನ್ನು ಬೇರ್ಪಡಿಸುತ್ತಿದ್ದರು. ಇಂದು ಅದೇ ಕೆಲಸವನ್ನು ಕಂಪ್ಯೂಟರಿಗೆ ಬರೆದುಕೊಟ್ಟ ಹತ್ತು ಸಾಲುಗಳ ಆಜ್ಞೆ ಕ್ಷಣಾರ್ಧದಲ್ಲಿ ಮುಗಿಸಿಬಿಡುತ್ತದೆ. ಇದು ಸಂತೋಷದ ವಿಷಯವೇ. ಆದರೆ ಆ ಹತ್ತು ಸಾಲುಗಳಲ್ಲಿ ಒಂದು ಶರತ್ತು ತಪ್ಪಾಗಿದ್ದರೆ ಅರ್ಹಳಾದ ಒಬ್ಬ ಹುಡುಗಿಯ ಹೆಸರು ಸದ್ದಿಲ್ಲದೆ ಜಾರಿ ಬಿದ್ದುಹೋಗುತ್ತದೆ. ಯಂತ್ರ ದೂರುವುದಿಲ್ಲ. ಉಳಿದ ಹೆಸರುಗಳ ಪಟ್ಟಿ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಬಿದ್ದ ಹೆಸರನ್ನು ಹುಡುಕಿಕೊಂಡು ಹೋಗುವವರು ಯಾರು?

ಹೆಸರು ಮತ್ತು ವಿವರಗಳ ಜೋಡಿಗಳನ್ನು ಜರಡಿ ಹಿಡಿಯುವ ಈ ಕೆಲಸಕ್ಕೆ ತನ್ನದೇ ಆದ ಚರಿತ್ರೆಯಿದೆ. ಆ ಜರಡಿಯನ್ನು ಹೆಣೆದವರು ಯಾರು, ಅವರು ಎಲ್ಲಿ ಎಡವಿದರು, ಹೇಗೆ ತಿದ್ದಿಕೊಂಡರು ಎಂಬುದನ್ನು ತಿಳಿದುಕೊಂಡರೆ ಇಂತಹ ಕೆಲಸಕ್ಕೆ ಕೈಹಾಕುವ ನಮ್ಮ ಯುವಕ ಯುವತಿಯರಿಗೆ ಬಹಳ ಪ್ರಯೋಜನವಾದೀತು. ಕಂಪ್ಯೂಟರ್ ಕಲಿಯದವರೂ ಅರ್ಥ ಮಾಡಿಕೊಳ್ಳಬಹುದಾದ ವಿಷಯವಿದು.

ಕೀಲಿ ಮತ್ತು ಮೌಲ್ಯ

ಶಾಲೆಯ ಅಂಕಪಟ್ಟಿಯ ಪುಸ್ತಕವನ್ನು ನೋಡಿ. ಎಡಗಡೆ ಹೆಸರು, ಬಲಗಡೆ ಅಂಕ. ಹೆಸರು ಗೊತ್ತಿದ್ದರೆ ಅಂಕ ಸಿಗುತ್ತದೆ. ಕಂಪ್ಯೂಟರಿನವರು ಎಡಗಡೆಯದನ್ನು ‘ಕೀಲಿ’ ಎಂದೂ ಬಲಗಡೆಯದನ್ನು ‘ಮೌಲ್ಯ’ ಎಂದೂ ಕರೆಯುತ್ತಾರೆ. ಇಂತಹ ಜೋಡಿಗಳ ಸಂಗ್ರಹಕ್ಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರು: ಪೈಥಾನ್‌ನಲ್ಲಿ ಡಿಕ್ಷನರಿ, ಪರ್ಲ್ ಮತ್ತು ರೂಬಿಯಲ್ಲಿ ಹ್ಯಾಶ್, ಆಕ್ ಮತ್ತು ಪಿಎಚ್‌ಪಿಯಲ್ಲಿ ಅರೇ. ಹೆಸರು ಯಾವುದಾದರೂ ನಿಯಮ ಒಂದೇ. ಒಂದು ಕೀಲಿಗೆ ಒಂದೇ ಮೌಲ್ಯ. ಅದೇ ಕೀಲಿಯನ್ನು ಮತ್ತೊಮ್ಮೆ ಬಳಸಿ ಹೊಸ ಮೌಲ್ಯ ಕೊಟ್ಟರೆ ಹಳೆಯದು ಅಳಿಸಿಹೋಗುತ್ತದೆ. ಈ ನಿಯಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾವಿರಾರು ಹೆಸರುಗಳ ನಡುವೆ ಒಂದನ್ನು ಥಟ್ಟನೆ ಹುಡುಕುವುದು ಹೇಗೆ ಎಂಬ ಪ್ರಶ್ನೆಗೆ 1953ರಲ್ಲಿ ಒಂದು ಉತ್ತರ ಸಿಕ್ಕಿತು. ಅಮೆರಿಕದ ಐಬಿಎಂ ಕಂಪೆನಿಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬ ಜರ್ಮನಿ ಮೂಲದ ಇಂಜಿನಿಯರ್ ಆ ವರ್ಷದ ಜನವರಿಯಲ್ಲಿ ಕಂಪೆನಿಯೊಳಗಿನ ಒಂದು ಟಿಪ್ಪಣಿ ಬರೆದರು. ಅಂಚೆ ಕಚೇರಿಯಲ್ಲಿ ಗೋಡೆಗೆ ಗೂಡುಗಳಿರುತ್ತವಲ್ಲ, ಹಾಗೆಯೇ ಕಂಪ್ಯೂಟರಿನ ನೆನಪಿನಲ್ಲೂ ಗೂಡುಗಳಿರಲಿ. ಕೀಲಿಯ ಮೇಲೆ ಒಂದು ಸಣ್ಣ ಲೆಕ್ಕ ಮಾಡಿದರೆ ಯಾವ ಗೂಡು ಎಂಬ ಸಂಖ್ಯೆ ಬರಲಿ. ನೇರವಾಗಿ ಆ ಗೂಡಿಗೇ ಕೈ ಹಾಕಿದರಾಯಿತು. ಇದೇ ‘ಹ್ಯಾಶಿಂಗ್’. ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ತಪ್ಪಾಗಿ ಬರೆದರೆ ಹಿಡಿದುಕೊಡುವ ಲೆಕ್ಕವೂ ಇದೇ ಲೂನ್ ಅವರ ಕೊಡುಗೆ.

ಆದರೆ ಇದನ್ನು ಬಳಸಬೇಕೆಂದರೆ ಗೂಡುಗಳನ್ನೆಲ್ಲ ಪ್ರೋಗ್ರಾಂ ಬರೆಯುವವರೇ ಕಟ್ಟಿಕೊಳ್ಳಬೇಕಿತ್ತು. ಸಾಮಾನ್ಯರ ಕೈಗೆ ಅದು ಸಿದ್ಧ ವಸ್ತುವಾಗಿ ಬರಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಪುಟ್ಟ ಭಾಷೆಗಳು, ದೊಡ್ಡ ಉಪಕಾರ

ಸಣ್ಣಪುಟ್ಟ ಕೆಲಸಗಳನ್ನು ಬೇಗ ಮಾಡಿಸಿಕೊಳ್ಳಲು, ಬರೆದ ಕೂಡಲೇ ಓಡಿಸಬಹುದಾದ ಭಾಷೆಗಳಿಗೆ ಸ್ಕ್ರಿಪ್ಟಿಂಗ್ ಭಾಷೆಗಳೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ನೋಬಾಲ್ ಎಂಬ ಭಾಷೆಯ ನಾಲ್ಕನೆಯ ರೂಪದಲ್ಲಿ, 1960ರ ದಶಕದ ಕೊನೆಯ ಹೊತ್ತಿಗೆ, ಅಕ್ಷರಗಳನ್ನೇ ಕೀಲಿಯಾಗಿ ಬಳಸಬಹುದಾದ ‘ಟೇಬಲ್’ ಬಂತು. ಅದೇ ಪ್ರಯೋಗಾಲಯದಲ್ಲಿ 1977ರಲ್ಲಿ ಆಲ್ಫ್ರೆಡ್ ಅಹೋ, ಪೀಟರ್ ವೈನ್‌ಬರ್ಗರ್ ಮತ್ತು ಬ್ರಯಾನ್ ಕರ್ನಿಘನ್ ಎಂಬ ಮೂವರು ‘ಆಕ್’ ಭಾಷೆಯನ್ನು ರಚಿಸಿದರು. ಆ ಹೆಸರು ಮೂವರ ಮನೆತನದ ಹೆಸರುಗಳ ಮೊದಲಕ್ಷರಗಳಿಂದಲೇ ಆದದ್ದು.

ಆಕ್ ಸ್ವಭಾವತಃ ಒಂದು ಜರಡಿ. ‘ಈ ಲಕ್ಷಣವಿರುವ ಸಾಲು ಸಿಕ್ಕರೆ ಈ ಕೆಲಸ ಮಾಡು’ ಎಂಬುದೇ ಅದರ ವಾಕ್ಯರಚನೆ. ಆದರೆ ಜೋಡಿಗಳ ಸಂಗ್ರಹದ ವಿಷಯದಲ್ಲಿ ಅದರ ಮೊದಲ ರೂಪಕ್ಕೆ ಒಂದು ಕೊರತೆ ಇತ್ತು. ಒಳಗೆ ಹಾಕಿದ ಜೋಡಿಯನ್ನು ಹೊರಗೆ ತೆಗೆಯುವ ಆಜ್ಞೆಯೇ ಅದರಲ್ಲಿರಲಿಲ್ಲ. ‘ಡಿಲೀಟ್’ ಎಂಬ ಆಜ್ಞೆ ಸೇರಿದ್ದು 1985ರ ಹೊಸ ರೂಪದಲ್ಲಿ. ತುಂಬಿಸುವುದನ್ನು ಮೊದಲು ಕಲಿತು, ತೆಗೆಯುವುದನ್ನು ಆಮೇಲೆ ಕಲಿತ ಭಾಷೆ ಅದು.

1987ರ ಡಿಸೆಂಬರಿನಲ್ಲಿ ಲ್ಯಾರಿ ವಾಲ್ ಅವರ ಪರ್ಲ್ ಬಂತು. 1994ರಲ್ಲಿ ಬಂದ ಅದರ ಐದನೆಯ ಆವೃತ್ತಿಯ ಕಾಲಕ್ಕೆ ಈ ಜೋಡಿ ಸಂಗ್ರಹಕ್ಕೆ ‘ಹ್ಯಾಶ್’ ಎಂಬ ಗಿಡ್ಡ ಹೆಸರು ನೆಲೆಯೂರಿತು. ಪರ್ಲ್‌ನಲ್ಲಿ ಸೋಸುವುದಕ್ಕೆ ‘ಗ್ರೆಪ್’ ಎಂಬ ಸಾಧನವಿದೆ. ಆದರೆ ಅದು ಸೋಸುವುದು ಸಾಲಾಗಿ ನಿಂತ ಪಟ್ಟಿಯನ್ನು. ಹ್ಯಾಶ್‌ನ ಕೀಲಿಗಳನ್ನು ಸಾಲಾಗಿ ನಿಲ್ಲಿಸಿ, ಬೇಕಾದವನ್ನು ಗ್ರೆಪ್‌ನಿಂದ ಆರಿಸಿ, ಆಮೇಲೆ ಅವುಗಳ ಮೌಲ್ಯಗಳನ್ನು ಮತ್ತೆ ತಂದು ಜೋಡಿಸಬೇಕು. ಕೀಲಿ ಮತ್ತು ಮೌಲ್ಯಗಳನ್ನು ಜೋಡಿಯಾಗಿಯೇ ಒಂದೇ ಏಟಿಗೆ ಎತ್ತಿಕೊಡುವ ಸೌಲಭ್ಯ ಪರ್ಲ್‌ಗೆ ಬಂದದ್ದು 2014ರ 5.20 ಆವೃತ್ತಿಯಲ್ಲಿ.

ಇಲ್ಲಿಂದಲೇ ಈ ಚರಿತ್ರೆಯ ಮೊದಲ ಪ್ರಶ್ನೆ ಏಳುತ್ತದೆ. ಸೋಸಿದ ಮೇಲೆ ಕೈಗೆ ಬರುವುದೇನು? ಅಕ್ಕಿಯನ್ನು ಮೊರದಲ್ಲಿ ಕೇರಿದರೆ ಉಳಿಯುವುದೂ ಅಕ್ಕಿಯೇ. ಹಾಗೆಯೇ ಜೋಡಿಗಳನ್ನು ಸೋಸಿದರೆ ಜೋಡಿಗಳೇ ಉಳಿಯಬೇಕಲ್ಲವೇ? ಕೇಳಲು ಸರಳ. ಆದರೆ ಭಾಷೆಗಳು ಇಲ್ಲಿಗೆ ತಲುಪಲು ದಶಕಗಳೇ ಹಿಡಿದವು.

ಜೋಡಿ ಮುರಿಯದ ಜರಡಿ

ನೆದರ್ಲೆಂಡ್ಸ್‌ನ ಗಿಡೊ ವಾನ್ ರೋಸಮ್ ಅವರು ಪೈಥಾನ್ ಭಾಷೆಯನ್ನು ಮೊದಲ ಬಾರಿಗೆ ಹೊರತಂದದ್ದು 1991ರ ಫೆಬ್ರವರಿಯಲ್ಲಿ. ಡಿಕ್ಷನರಿ ಅದರ ಬೆನ್ನೆಲುಬು. 1994ರ 1.0 ಆವೃತ್ತಿಯಲ್ಲಿ ‘ಫಿಲ್ಟರ್’ ಎಂಬ ಸಾಧನ ಸೇರಿತು. ಆದರೆ ಡಿಕ್ಷನರಿಯೊಂದನ್ನು ಅದಕ್ಕೆ ಕೊಟ್ಟರೆ ಅದು ಕೀಲಿಗಳನ್ನು ಮಾತ್ರ ನೋಡಿ, ಕೀಲಿಗಳನ್ನು ಮಾತ್ರ ಹಿಂತಿರುಗಿಸುತ್ತದೆ. ಹೆಸರು ಉಳಿಯಿತು, ವಿವರ ಹೋಯಿತು.

2001ರ ಅಕ್ಟೋಬರಿನಲ್ಲಿ ಬ್ಯಾರಿ ವಾರ್ಸಾ ಎಂಬವರು ಒಂದು ಪ್ರಸ್ತಾವ ಮುಂದಿಟ್ಟರು. ‘ಈ ಸಂಗ್ರಹದ ಪ್ರತಿ ಜೋಡಿಯನ್ನೂ ನೋಡು, ಶರತ್ತಿಗೆ ಒಪ್ಪುವವನ್ನು ಮಾತ್ರ ಸೇರಿಸಿ ಹೊಸ ಡಿಕ್ಷನರಿ ಮಾಡು’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯುವ ವಿಧಾನವದು. ಬೇರೆ ದಾರಿಯಿಂದಲೂ ಇದನ್ನು ಸಾಧಿಸಬಹುದೆಂಬ ಕಾರಣಕ್ಕೆ ಪ್ರಸ್ತಾವವನ್ನು ಆಗ ಹಿಂದೆಗೆದುಕೊಳ್ಳಲಾಯಿತು. ಆದರೆ ಒಳ್ಳೆಯ ವಿಚಾರ ಸಾಯುವುದಿಲ್ಲ. 2008ರ ಡಿಸೆಂಬರಿನ 3.0 ಆವೃತ್ತಿಯಲ್ಲಿ ಅದು ಜಾರಿಗೆ ಬಂತು, 2010ರ 2.7 ಆವೃತ್ತಿಗೂ ಸೇರಿತು. ಈಗ ಪೈಥಾನ್ ಕಲಿಯುವ ಯಾವ ವಿದ್ಯಾರ್ಥಿಯೂ ಅದನ್ನು ಮೊದಲ ಕೆಲವು ವಾರಗಳಲ್ಲೇ ಕಲಿಯುತ್ತಾನೆ.

ಜಪಾನಿನ ಯುಕಿಹಿರೊ ಮತ್ಸುಮೊಟೊ ಅವರು 1995ರಲ್ಲಿ ಹೊರತಂದ ರೂಬಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ‘ಬೇಡದ್ದನ್ನು ತೆಗೆ’ ಎಂದರೆ ಹ್ಯಾಶ್ ಬರುತ್ತಿತ್ತು. ‘ಬೇಕಾದದ್ದನ್ನು ಆರಿಸು’ ಎಂದರೆ ಬಿಡಿ ಜೋಡಿಗಳ ಪಟ್ಟಿ ಬರುತ್ತಿತ್ತು. ಎರಡೂ ಒಂದೇ ಕೆಲಸದ ಎರಡು ಮುಖಗಳಲ್ಲವೇ? 1.9ರ ಸರಣಿಯಲ್ಲಿ ಇದನ್ನು ತಿದ್ದಿ ಎರಡಕ್ಕೂ ಹ್ಯಾಶ್ ಬರುವಂತೆ ಮಾಡಿದರು. ಜಾವಾಸ್ಕ್ರಿಪ್ಟ್‌ನದು ಇನ್ನೂ ದೀರ್ಘ ಪಯಣ. ಸಂಗ್ರಹವನ್ನು ಜೋಡಿಗಳ ಪಟ್ಟಿಯಾಗಿ ಬಿಡಿಸುವ ಸಾಧನ ಅದರ 2017ರ ಮಾನಕದಲ್ಲಿ, ಸೋಸಿದ ಜೋಡಿಗಳನ್ನು ಮತ್ತೆ ಸಂಗ್ರಹವಾಗಿ ಕಟ್ಟುವ ಸಾಧನ 2019ರ ಮಾನಕದಲ್ಲಿ ಬಂದವು. ಬಿಡಿಸಲು ಕಲಿತ ಎರಡು ವರ್ಷಗಳ ನಂತರ ಕಟ್ಟಲು ಕಲಿಯಿತು!

ಇನ್ನು ವೆಬ್‌ಸೈಟುಗಳ ಜಗತ್ತಿನಲ್ಲಿ ಮನೆಮಾತಾದ ಪಿಎಚ್‌ಪಿ. 2001ರಲ್ಲಿ ಇದಕ್ಕೆ ‘ಅರೇ ಫಿಲ್ಟರ್’ ಸೇರಿದಾಗಲೇ ಅದು ಕೀಲಿಗಳನ್ನು ಕಾಪಾಡಿ, ಜೋಡಿಗಳನ್ನೇ ಹಿಂತಿರುಗಿಸುತ್ತಿತ್ತು. ಆದರೆ ಶರತ್ತನ್ನು ಪರೀಕ್ಷಿಸುವಾಗ ಅದಕ್ಕೆ ಕಾಣುತ್ತಿದ್ದದ್ದು ಮೌಲ್ಯ ಮಾತ್ರ. ಕೀಲಿಯನ್ನು ನೋಡಿಯೂ ಸೋಸಬಹುದಾದದ್ದು 2014ರ 5.6 ಆವೃತ್ತಿಯಿಂದ.

ಇನ್ನೊಂದು ಪಾಠವನ್ನೂ ಇಲ್ಲೇ ಹೇಳಬೇಕು. ಪೈಥಾನ್‌ನಲ್ಲಿ ಡಿಕ್ಷನರಿಯೊಂದರ ಮೇಲೆ ಒಂದೊಂದೇ ಹೆಜ್ಜೆ ನಡೆಯುತ್ತ, ನಡೆಯುವಾಗಲೇ ಅದರಿಂದ ಜೋಡಿಗಳನ್ನು ಕಿತ್ತೆಸೆದರೆ ಯಂತ್ರ ತಡೆದು ನಿಲ್ಲುತ್ತದೆ. ನಿಂತ ಕೊಂಬೆಯನ್ನೇ ಕಡಿಯಬೇಡ ಎಂಬ ಎಚ್ಚರಿಕೆಯದು. ಮೂಲವನ್ನು ಮುಟ್ಟದೆ, ಬೇಕಾದವುಗಳಿಂದ ಹೊಸದೊಂದನ್ನು ಕಟ್ಟುವುದೇ ಸುರಕ್ಷಿತ ಎಂಬ ತಿಳಿವಳಿಕೆ ಈ ಭಾಷೆಗಳಲ್ಲಿ ಕ್ರಮೇಣ ಗಟ್ಟಿಯಾಯಿತು.

ಸೊನ್ನೆ ಎಂದರೆ ಖಾಲಿಯೇ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಇದು ಮೊದಲನೆಯದಕ್ಕಿಂತ ಗಂಭೀರವಾದದ್ದು.

ಪಿಎಚ್‌ಪಿಯ ಅರೇ ಫಿಲ್ಟರ್‌ಗೆ ಯಾವ ಶರತ್ತನ್ನೂ ಹೇಳದೆ ಬಿಟ್ಟರೆ ಅದು ‘ಖಾಲಿ’ ಇರುವವನ್ನೆಲ್ಲ ತೆಗೆದುಹಾಕುತ್ತದೆ. ಅದರ ಲೆಕ್ಕದಲ್ಲಿ ಏನನ್ನೂ ಬರೆಯದ ಜಾಗವೂ ಖಾಲಿ, ಸೊನ್ನೆ ಎಂದು ಬರೆದ ಜಾಗವೂ ಖಾಲಿ. ಪೈಥಾನ್, ಪರ್ಲ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲೂ ‘ಮೌಲ್ಯ ಇದ್ದರೆ ಉಳಿಸು’ ಎಂದಷ್ಟೇ ಬರೆದರೆ ಸೊನ್ನೆ ಹೊರಗೆ ಬೀಳುತ್ತದೆ. ರೂಬಿ ಮಾತ್ರ ಭಿನ್ನ. ಅಲ್ಲಿ ಸೊನ್ನೆಯೂ ಒಂದು ಮೌಲ್ಯವೇ.

ಇದರಲ್ಲೇನು ಮಹಾ ಎಂದು ನಿಮಗನ್ನಿಸಬಹುದು. ಅರ್ಜಿಗಳ ರಾಶಿಗೆ ಮರಳಿ ಬನ್ನಿ. ‘ವರಮಾನದ ಮಾಹಿತಿ ಕೊಡದವರ ಅರ್ಜಿ ತೆಗೆದುಹಾಕು’ ಎಂಬುದು ಸಮಿತಿಯ ತೀರ್ಮಾನವೆನ್ನೋಣ. ಪ್ರೋಗ್ರಾಂ ಬರೆದವನು ಅವಸರದಲ್ಲಿ ‘ವರಮಾನ ಇದ್ದರೆ ಉಳಿಸು’ ಎಂದು ಬರೆದ. ಮಾಹಿತಿ ಕೊಡದವರು ಹೊರಗೆ ಹೋದರು, ಸರಿ. ಆದರೆ ‘ವರಮಾನ: 0’ ಎಂದು ಪ್ರಾಮಾಣಿಕವಾಗಿ ಬರೆದವರೂ ಅವರೊಂದಿಗೇ ಹೊರಗೆ ಹೋದರು. ದುಡಿಯುವ ಕೈಯಿಲ್ಲದ ಮನೆಯ ಮಗು, ಆ ಇಡೀ ರಾಶಿಯಲ್ಲಿ ನೆರವಿಗೆ ಎಲ್ಲರಿಗಿಂತ ಹೆಚ್ಚು ಹಕ್ಕುಳ್ಳ ಮಗು, ಎಲ್ಲರಿಗಿಂತ ಮೊದಲು ಬಿದ್ದುಹೋಯಿತು.

ಸೊನ್ನೆಯ ಚರಿತ್ರೆಯನ್ನು ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯ ಕಾಣುತ್ತದೆ. ಸಂಸ್ಕೃತದ ‘ಶೂನ್ಯ’ ಎಂಬ ಮಾತಿನ ಅರ್ಥ ಖಾಲಿ ಎಂದು. ಅರಬರು ಅದನ್ನು ‘ಸಿಫ್ರ್’ ಎಂದು ಅನುವಾದಿಸಿಕೊಂಡರು. ಅದರ ಅರ್ಥವೂ ಖಾಲಿ. ಇಂಗ್ಲಿಷಿನ ‘ಝೀರೋ’, ‘ಸೈಫರ್’ ಎರಡೂ ಈ ಸಿಫ್ರ್‌ನ ಮಕ್ಕಳೇ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಕುರಿತು ಗ್ರಂಥ ಬರೆದರು. ‘ಅಲ್ಗಾರಿದಮ್’ ಎಂಬ ಪದ ಹುಟ್ಟಿದ್ದೇ ಅವರ ಹೆಸರಿನಿಂದ. ಹೆಸರಿನಲ್ಲಿ ‘ಖಾಲಿ’ ಎಂದಿದ್ದರೂ ಆ ಕ್ರಮದಲ್ಲಿ ಸೊನ್ನೆ ತನ್ನ ಸ್ಥಾನವನ್ನು ಬಿಟ್ಟುಕೊಡುವುದಿಲ್ಲ. 205ರಲ್ಲಿ ಸೊನ್ನೆಯನ್ನು ತೆಗೆದುಬಿಟ್ಟರೆ 25 ಆಗುತ್ತದೆ. ‘ಇಲ್ಲಿ ಏನೂ ಇಲ್ಲ’ ಎಂಬುದೂ ಒಂದು ಮಾಹಿತಿಯೇ. ‘ಇಲ್ಲಿ ಏನಿದೆಯೋ ತಿಳಿಯದು’ ಎಂಬುದು ಬೇರೆಯೇ ಸಂಗತಿ. ಸೋಸುವವನು ಈ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ ಬರೆಯಲೇಬೇಕು.

ಒಂದೇ ಹೆಸರು, ಹಲವು ಮನುಷ್ಯರು

ಮೂರನೆಯ ಪ್ರಶ್ನೆ ಕೀಲಿಯದ್ದು. ಒಂದು ಕೀಲಿಗೆ ಒಂದೇ ಮೌಲ್ಯ ಎಂದೆವಲ್ಲ. ಹೆಸರನ್ನೇ ಕೀಲಿಯಾಗಿ ಮಾಡಿಕೊಂಡರೆ ಏನಾಗುತ್ತದೆ? ನಮ್ಮ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ. ಒಂದೇ ತರಗತಿಯಲ್ಲಿ ಇಬ್ಬರು ಆಯಿಷಾ, ಮೂವರು ಇಬ್ರಾಹೀಮ್. ಇನ್ನು ಮುಹಮ್ಮದ್ ಎಂಬ ಹೆಸರನ್ನಂತೂ ಕೇಳುವುದೇ ಬೇಡ. ಎರಡನೆಯ ಆಯಿಷಾಳ ವಿವರ ಬಂದ ಕೂಡಲೇ ಮೊದಲನೆಯವಳ ವಿವರ ಅಳಿಸಿಹೋಗುತ್ತದೆ. ಜರಡಿಯನ್ನು ಕೈಗೆತ್ತಿಕೊಳ್ಳುವ ಮುನ್ನವೇ ಒಬ್ಬಳು ಕಾಣೆಯಾದಳು!

ಈ ಸಮಸ್ಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಹದೀಸ್ ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದರು. ಪ್ರವಾದಿ(ಸ)ರವರ ವಚನವೊಂದನ್ನು ಸ್ವೀಕರಿಸಬೇಕೇ ಬೇಡವೇ ಎಂಬುದು ಅದನ್ನು ವರದಿ ಮಾಡಿದವರ ಸರಪಣಿಯನ್ನು ಅವಲಂಬಿಸಿತ್ತು. ವರದಿಗಾರನ ಹೆಸರು ಸಿಕ್ಕರೆ ಸಾಲದು, ಆ ಹೆಸರಿನ ಯಾವ ವ್ಯಕ್ತಿ ಎಂಬುದು ತಿಳಿಯಬೇಕು. ಒಬ್ಬ ನಂಬಿಕಸ್ಥ, ಅದೇ ಹೆಸರಿನ ಇನ್ನೊಬ್ಬ ಮರೆವಿನವನು ಆಗಿದ್ದರೆ? ಇಮಾಮ್ ಬುಖಾರಿ(ರ)ಯವರು (ಕ್ರಿ.ಶ. 810–870) ತಮ್ಮ ‘ಅತ್ತಾರೀಖುಲ್ ಕಬೀರ್’ ಗ್ರಂಥದಲ್ಲಿ ವರದಿಗಾರರ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದರು. ಪ್ರವಾದಿ(ಸ)ರವರ ಮೇಲಿನ ಗೌರವದಿಂದ ಮುಹಮ್ಮದ್ ಎಂಬ ಹೆಸರಿನವರನ್ನು ಮಾತ್ರ ಎಲ್ಲರಿಗಿಂತ ಮೊದಲಿಗೆ ಇಟ್ಟರು. ಕ್ರಿ.ಶ. 1071ರಲ್ಲಿ ನಿಧನರಾದ ಖತೀಬುಲ್ ಬಗ್ದಾದಿ(ರ)ಯವರು ‘ಅಲ್ ಮುತ್ತಫಿಕ್ ವಲ್ ಮುಫ್ತರಿಕ್’ ಎಂಬ ಗ್ರಂಥವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟರು. ಹೆಸರಿನಲ್ಲಿ ಒಂದಾಗಿ, ವ್ಯಕ್ತಿಗಳಾಗಿ ಬೇರೆಯಾದವರ ಗ್ರಂಥವದು. ತಂದೆಯ ಹೆಸರು, ಅಜ್ಜನ ಹೆಸರು, ಊರು, ಕುಲ, ಮಗನ ಹೆಸರಿನಿಂದ ಬರುವ ‘ಅಬೂ’ ಎಂಬ ಕುನಿಯತ್, ಕಲಿಸಿದ ಗುರು ಇವೆಲ್ಲವನ್ನೂ ಸೇರಿಸಿದಾಗ ಮಾತ್ರ ಒಬ್ಬ ಮನುಷ್ಯನ ಗುರುತು ಖಚಿತವಾಗುತ್ತಿತ್ತು.

ಹೀಗೆಂದ ಮಾತ್ರಕ್ಕೆ ಕಂಪ್ಯೂಟರಿನ ಡಿಕ್ಷನರಿಯನ್ನು ನಮ್ಮ ಪೂರ್ವಿಕರೇ ಕಂಡುಹಿಡಿದರು ಎಂದು ಹೇಳಿಕೊಳ್ಳುವುದು ಸರಿಯಲ್ಲ. ಬೆಲ್ ಪ್ರಯೋಗಾಲಯದವರು ಖತೀಬರನ್ನು ಓದಿ ಆಕ್ ಭಾಷೆ ಬರೆಯಲಿಲ್ಲ. ಹಾಗೆ ಹೆಮ್ಮೆಪಡುವುದು ಸುಲಭ, ಆದರೆ ಅದರಿಂದ ನಮ್ಮ ಮಕ್ಕಳು ಏನನ್ನೂ ಕಲಿಯುವುದಿಲ್ಲ. ಕಲಿಯಬೇಕಾದದ್ದು ಆ ವಿದ್ವಾಂಸರ ಜಾಗರೂಕತೆಯನ್ನು. ಒಬ್ಬ ಮನುಷ್ಯನ ವಿವರವನ್ನು ಇನ್ನೊಬ್ಬನ ಹೆಸರಿಗೆ ಹಚ್ಚಬಾರದೆಂದು ಅವರು ಇಡೀ ಆಯುಷ್ಯವನ್ನೇ ಸವೆಸಿದರು. ನಾವು ಪ್ರತಿ ಅರ್ಜಿಗೆ ಒಂದು ಕ್ರಮಸಂಖ್ಯೆ ಕೊಟ್ಟು, ಅದನ್ನೇ ಕೀಲಿಯಾಗಿ ಮಾಡಿಕೊಂಡರೆ ಸಾಕು.

ಬಿದ್ದದ್ದನ್ನೂ ಎತ್ತಿಡಿ

ಕೊನೆಯದಾಗಿ ಇನ್ನೊಬ್ಬ ಮಹನೀಯರನ್ನು ನೆನೆಯೋಣ. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ‘ಕಿತಾಬುಲ್ ಐನ್’ ಅರಬಿ ಭಾಷೆಯ ಮೊದಲ ನಿಘಂಟು. ಅದರ ಕ್ರಮ ಅಚ್ಚರಿ ಹುಟ್ಟಿಸುವಂಥದ್ದು. ಅಕ್ಷರಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಿ ಧಾತುಗಳನ್ನು ಮಾಡಬಹುದೋ ಅಷ್ಟನ್ನೂ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಆಮೇಲೆ ಅರಬರು ನಿಜವಾಗಿ ಬಳಸುವವನ್ನು ‘ಮುಸ್ತಅಮಲ್’ ಎಂದೂ ಬಳಸದವನ್ನು ‘ಮುಹ್ಮಲ್’ ಎಂದೂ ವಿಂಗಡಿಸುವುದು. ಇದು ಅಪ್ಪಟ ಜರಡಿ. ಆದರೆ ಗಮನಿಸಿ, ಕೈಬಿಟ್ಟದ್ದಕ್ಕೂ ಅಲ್ಲಿ ಒಂದು ಹೆಸರಿದೆ. ಯಾವುದನ್ನು ಬಿಟ್ಟೆವು ಎಂಬ ಅರಿವಿದೆ.

ನಮ್ಮ ಸಂಘ ಸಂಸ್ಥೆಗಳಲ್ಲಿ ಇಂದು ವಿದ್ಯಾರ್ಥಿವೇತನದ ಪಟ್ಟಿ, ಝಕಾತ್ ಪಡೆಯುವವರ ಪಟ್ಟಿ, ಹಾಸ್ಟೆಲ್ ಪ್ರವೇಶದ ಪಟ್ಟಿ ಎಲ್ಲವೂ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತಿವೆ. ಆ ಕೆಲಸ ಮಾಡುವ ಕಿರಿಯರೇ, ನಿಮ್ಮ ಕೈಯಲ್ಲಿರುವುದು ಬರಿಯ ದತ್ತಾಂಶವಲ್ಲ, ಅದೊಂದು ಅಮಾನತ್ತು. ಮೂಲ ಪಟ್ಟಿಯನ್ನು ಮುಟ್ಟದೆ ಹೊಸದನ್ನು ಕಟ್ಟಿರಿ. ಹೆಸರನ್ನಲ್ಲ, ಕ್ರಮಸಂಖ್ಯೆಯನ್ನು ಕೀಲಿ ಮಾಡಿರಿ. ಸೊನ್ನೆಯನ್ನೂ ಖಾಲಿಯನ್ನೂ ಬೇರೆಬೇರೆಯಾಗಿ ಪ್ರಶ್ನಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಶರತ್ತನ್ನು ತಿರುಗಿಸಿ ಬರೆದು, ಬಿದ್ದುಹೋದವರ ಪಟ್ಟಿಯನ್ನೂ ಮುದ್ರಿಸಿರಿ. ಉಳಿದವರನ್ನೂ ಬಿದ್ದವರನ್ನೂ ಕೂಡಿದರೆ ಮೊದಲಿನ ಸಂಖ್ಯೆ ಬರಬೇಕು. 120 ಅರ್ಜಿಗಳಲ್ಲಿ 45 ಉಳಿದಿದ್ದರೆ 75 ಬಿದ್ದಿರಬೇಕು. 74 ಎಂದು ಬಂದರೆ ಒಬ್ಬರು ಎಲ್ಲೋ ಕಳೆದುಹೋಗಿದ್ದಾರೆ, ಹುಡುಕಿರಿ.

ಆ ಎರಡನೆಯ ಪಟ್ಟಿಯನ್ನು ಸಮಿತಿಯ ಹಿರಿಯರ ಮುಂದಿಡಿರಿ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಲಿ. ಯಂತ್ರ ಉಳಿಸಿಕೊಟ್ಟ ಸಮಯವನ್ನು ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಬಳಸಲು ಸಾಧ್ಯವಿಲ್ಲ.